ಕಾಲಂ 12ರಲ್ಲಿ ಇದ್ದವರು

ನಮ್ಮ ದೊಡ್ಡಪ್ಪನಿಗೆ ಒಂದು ಮಾತು ಬಾಯಿಪಾಠವಾಗಿತ್ತು. ಹಬ್ಬದ ಊಟ ಮುಗಿದು ಎಲೆಅಡಿಕೆ ತಟ್ಟೆ ಬಂತು ಅಂದರೆ ಶುರು: "ಸಿಂಗಟಗೆರೆ ಕಡೆ ನಮ್ದು ನಾಲ್ಕು ಎಕರೆ ಇತ್ತು ಕಣೋ. ಎಲ್ಲ ಹೊಡ್ಕೊಂಡ್ರು." ಯಾರು ಹೊಡೆದುಕೊಂಡರು, ಹೇಗೆ ಅಂತ ನಾವ್ಯಾರೂ ಕೇಳಲಿಲ್ಲ. ಬೆಂಗಳೂರಿನಲ್ಲಿ ಇಎಂಐ ಕಟ್ಟುತ್ತಾ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಇರುವವರಿಗೆ, ಕಳೆದುಹೋದ ನಾಲ್ಕು ಎಕರೆ ಅನ್ನೋದು ಒಂಥರಾ ಹಿತವಾದ ದುಃಖ.

ದೊಡ್ಡಪ್ಪ ತೀರಿಕೊಂಡ ಮೇಲೆ, ಮುತ್ತಜ್ಜ ಬಾಳಿದ ಮನೆ ಎಲ್ಲಿತ್ತು ಅಂತ ಹುಡುಕಲು ಹೊರಟೆ. ಜಮೀನಲ್ಲ, ಮನೆ. ಮೊದಲ ಪಾಠ ಹೆಸರಿನದು. ಮೈಸೂರು ಸಂಸ್ಥಾನದ ಕಾಲದಲ್ಲಿ ಈ ಜಿಲ್ಲೆ ಚಿಕ್ಕಮಗಳೂರಲ್ಲ, ಕಡೂರು ಜಿಲ್ಲೆ. ಬಿ.ಎಲ್. ರೈಸ್ 1901ರಲ್ಲಿ ತಂದ ಶಾಸನ ಸಂಪುಟದ ಮೇಲೂ ಆ ಹೆಸರೇ ಇದೆ. ಹಳೆಯ ನಕ್ಷೆ, ಗೆಜೆಟಿಯರ್ ಬೇಕಿದ್ದರೆ ಹಾಗೇ ಹುಡುಕಬೇಕು.

ಎರಡನೇ ಪಾಠ: ಗ್ರಾಮನಕ್ಷೆಯಲ್ಲಿ ಮನೆಗಳೇ ಇರುವುದಿಲ್ಲ. ಹೊಲಕ್ಕೆ ಸರ್ವೆ ನಂಬರ್ ಇದೆ, ಟಿಪ್ಪಣಿಯಲ್ಲಿ ಅಳತೆ ಇದೆ, ಆಕಾರ್‌ಬಂದ್‌ನಲ್ಲಿ ವಿಸ್ತೀರ್ಣ, ಕಂದಾಯ ಇದೆ. ಜನ ಹುಟ್ಟಿ, ಬಾಳಿ, ಸತ್ತ ಜಾಗ ಮಾತ್ರ 'ಗ್ರಾಮಠಾಣಾ' ಅಂತ ಒಂದೇ ಗೆರೆಯೊಳಗೆ ಖಾಲಿ. ಕಂದಾಯ ಹುಟ್ಟುತ್ತಿದ್ದದ್ದು ಹೊಲದಲ್ಲಿ. ಸರ್ಕಾರಕ್ಕೆ ಅಷ್ಟು ಗೊತ್ತಿದ್ದರೆ ಸಾಕಿತ್ತು.

ಹಾಗಾಗಿ ಮನೆ ಹುಡುಕಲು ಹೊಲದ ದಾರಿ ಹಿಡಿದೆ. ಕೈಬರಹದ ಹಳೆಯ ಪಹಣಿಯ ನಕಲು ಸಿಕ್ಕಿತು. 9ನೇ ಕಾಲಂನಲ್ಲಿ ಮುತ್ತಜ್ಜನ ಹೆಸರು! ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ, ಹಾರ್ಟುಗಳ ಮಳೆ. ರಾತ್ರಿ ಮತ್ತೊಮ್ಮೆ ನೋಡಿದಾಗ ಕಣ್ಣು 12ನೇ ಕಾಲಂ ಮೇಲೆ ಹೋಯಿತು. 9ನೇ ಕಾಲಂ ಹೇಳೋದು ಜಮೀನು ಯಾರದು ಅಂತ. 12ನೆಯದು, ಉಳುತ್ತಿರೋದು ಯಾರು ಅಂತ. ಅಲ್ಲಿ ಬೇರೆಯವರ ಹೆಸರಿತ್ತು, ವರ್ಷದಿಂದ ವರ್ಷಕ್ಕೆ ಅದೇ ಹೆಸರು. ಮುತ್ತಜ್ಜ ಸತ್ತು ಎಷ್ಟೋ ವರ್ಷವಾಗಿದ್ದರೂ ಪೌತಿ ಖಾತೆ ಮಾಡಿಸಿಕೊಳ್ಳುವ ಉಸಾಬರಿಗೂ ನಮ್ಮವರು ಹೋಗಿರಲಿಲ್ಲ.

ದೇವರಾಜ ಅರಸರ ಕಾಲದ ತಿದ್ದುಪಡಿಯ ಪ್ರಕಾರ 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಿ, ತಾನು ಉಳುತ್ತಿದ್ದೆ ಅಂತ ಭೂ ನ್ಯಾಯಮಂಡಳಿಯ ಮುಂದೆ ತೋರಿಸಿಕೊಟ್ಟರೆ ಹಕ್ಕು ಅವನದು. ಮುಂದಿನ ಪಹಣಿಗಳಲ್ಲಿ 12ರ ಹೆಸರು 9ಕ್ಕೆ ಬಂದಿದೆ. 'ಹೊಡ್ಕೊಂಡ್ರು' ಅನ್ನೋದರ ಒಟ್ಟು ಕಥೆ ಇಷ್ಟೇ.

ಒಂದು ಶನಿವಾರ ಹೋದೆ. ದಿಶಾಂಕ್ ಆ್ಯಪ್ ತೋರಿಸಿದ ಸರ್ವೆ ನಂಬರಿನಲ್ಲಿ ಈಗ ತೆಂಗಿನ ತೋಟ. ಅಲ್ಲಿದ್ದ ಹಿರಿಯರೊಬ್ಬರು ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಜೆರಾಕ್ಸ್ ನೋಡಿದರು. "ಅದೇನ್ ಪೇಪರ್ರು ಸಾರ್? ಸರ್ವೆಯೋರಾ?" ದನಿಯಲ್ಲಿ ಹೆದರಿಕೆ ಇತ್ತು. ನನಗೆ ನೆನಪಾಗಿ ಕಂಡ ಕಾಗದ ಅವರಿಗೆ ನೋಟಿಸಿನಂತೆ ಕಂಡಿತ್ತು. ಬೇರು ಹುಡುಕೋದು ಯಾರಿಗೂ ತೊಂದರೆ ಕೊಡದ ಹವ್ಯಾಸ ಅಂದುಕೊಂಡಿದ್ದ ನನಗೆ ನಾಚಿಕೆಯಾಯಿತು.

"ಅಲ್ಲ ಯಜಮಾನ್ರೇ, ಮುತ್ತಜ್ಜನ ಮನೆ ಎಲ್ಲಿತ್ತು ಅಂತ ನೋಡೋಕೆ ಬಂದೆ" ಅಂತ ಕಾಗದ ಮಡಚಿ ಬ್ಯಾಗಿಗೆ ಹಾಕಿದೆ. ಹೆಸರು ಹೇಳಿದ ಮೇಲೆ ಎಳನೀರು ಕೆತ್ತಿ ಕೊಟ್ಟರು. ಊರೊಳಗೆ ಕರೆದುಕೊಂಡು ಹೋಗಿ ತೋರಿಸಿದರು: "ಆ ಹುಣಸೆಮರ ಐತಲ್ಲ, ಅದು ನಿಮ್ಮ ಹಿತ್ಲು. ಗೇಣಿ ರಾಗಿ ಕೊಡೋಕೆ ನಮ್ಮಪ್ಪನ ಜೊತೆ ನಾನೂ ಬರ್ತಿದ್ದೆ. ಜಗುಲಿ ತಂಕ."

ಯಾವ ನಕ್ಷೆಯಲ್ಲೂ ಇಲ್ಲದ ನಮ್ಮ ಮನೆ, ನಾವು ಕಳ್ಳರೆಂದು ಕರೆಯುತ್ತಿದ್ದವರ ನೆನಪಿನಲ್ಲಿ ಉಳಿದಿತ್ತು. ಅದೂ ಜಗುಲಿಯವರೆಗೆ ಮಾತ್ರ. ಒಳಗೆ ಬರಲು ನಾವು ಬಿಟ್ಟಿರಲಿಲ್ಲ.

ಆ ಕಾನೂನಿನಲ್ಲಿ ಎರಡೇ ಎಕರೆ ನಂಬಿಕೊಂಡಿದ್ದ ಬಡ ವಿಧವೆಯರೂ ಕಳೆದುಕೊಂಡದ್ದುಂಟು. ಎಲ್ಲರ ನೋವೂ ಸುಳ್ಳಲ್ಲ. ಆದರೆ ನಮಗೆ ನೋವಾಯಿತು ಅಂದ ಮಾತ್ರಕ್ಕೆ ಅನ್ಯಾಯವಾಯಿತು ಅಂತಲ್ಲ. ದೊಡ್ಡಪ್ಪ ಸುಳ್ಳು ಹೇಳಿರಲಿಲ್ಲ. ಒಂದೇ ಕಾಲಂ ಓದಿದ್ದರು, ಅಷ್ಟೆ. ಹಿರಿಯರ ಹೆಸರು ಹುಡುಕಿಕೊಂಡು ದಾಖಲೆ ತೆರೆದವರು ಪಕ್ಕದ ಹೆಸರನ್ನೂ ಓದಲೇಬೇಕು. ನಮಗೆ ಬೇಕಾದ ಸಾಲು ಸಿಕ್ಕ ಕೂಡಲೇ ಪುಟ ಮುಚ್ಚಿದರೆ ಅದು ಹುಡುಕಾಟವಲ್ಲ, ವಕಾಲತ್ತು.

ಪಹಣಿಯ ಪೂರ್ತಿ ಪುಟವನ್ನು ಗ್ರೂಪಿಗೆ ಹಾಕಿದೆ. ಈ ಸಲ ಹಾರ್ಟು ಬರಲಿಲ್ಲ. ಮುಂದಿನ ಹಬ್ಬಕ್ಕೆ ಎಲೆಅಡಿಕೆ ತಟ್ಟೆ ಬಂದಾಗ ನಾನೇ ಶುರು ಮಾಡಬೇಕು ಅಂದುಕೊಂಡಿದ್ದೇನೆ. ನಾಲ್ಕು ಎಕರೆ ಇತ್ತು ಅಂತಲೇ. ಅದನ್ನು ಉಳುತ್ತಿದ್ದವರು ಯಾರು ಅಂತಲೂ.