ಕೇಳದೆ ಪಡೆದದ್ದು ದಾನವೆ?

ಕೊಡುವವನಿಗೆ ತಾನು ಕೊಡುತ್ತಿದ್ದೇನೆಂಬ ಅರಿವಿದ್ದರೆ ಮಾತ್ರ ಅದು ದಾನ ಎಂದು ಕರ್ಣನ ಪಾಠ ಮಾಡುವಾಗಲೆಲ್ಲ ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ಹಾಗಾದರೆ ಒಂದು ನಾಯಿಯ ರಕ್ತವನ್ನು ಇನ್ನೊಂದಕ್ಕೆ ಏರಿಸುವುದನ್ನು ಏನೆಂದು ಕರೆಯಬೇಕು?

ಕಳೆದ ವರ್ಷ ನೆರೆಮನೆಯ ನಾಯಿಗೆ ಉಣ್ಣೆ ಕಚ್ಚಿ ಜ್ವರ ಬಂತು. ಕೆಲವೇ ದಿನಗಳಲ್ಲಿ ಮೂಗಿನಿಂದ ರಕ್ತ. ಕಾಯಿಲೆ ಉಲ್ಬಣಿಸಿದಾಗ ರಕ್ತ ಸಣ್ಣ ಸಣ್ಣ ನಾಳಗಳೊಳಗೇ ಹೆಪ್ಪುಗಟ್ಟತೊಡಗುತ್ತದೆ ಎಂದು ಡಾಕ್ಟರು ವಿವರಿಸಿದರು. ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ಟುಗಳೂ ಇತರ ಅಂಶಗಳೂ ಅಲ್ಲೇ ಖರ್ಚಾಗಿ, ಕೊನೆಗೆ ಸೂಜಿ ಚುಚ್ಚಿದಲ್ಲೂ ರಕ್ತ ನಿಲ್ಲುವುದಿಲ್ಲ. ನಮ್ಮ ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ, ಇದ್ದ ಹೆಪ್ಪನ್ನೆಲ್ಲ ಬೇಡದ ಪಾತ್ರೆಗಳಿಗೆ ಹಾಕಿ, ಬೇಕಾದ ಹಾಲಿಗೆ ಒಂದು ಚಮಚವೂ ಉಳಿಯದ ಹಾಗೆ. ಹೊರಗಿನ ರಕ್ತ ಒಂದಿಷ್ಟು ಕಾಲಾವಕಾಶ ಕೊಡುತ್ತದೆ. ಮೂಲ ಕಾಯಿಲೆ ಬಗ್ಗದಿದ್ದರೆ ಅದರಿಂದ ಪ್ರಯೋಜನವಿಲ್ಲ.

30 ಕಿಲೋ ತೂಗುವ ನಮ್ಮ ನಾಯಿಯನ್ನು ಪರೀಕ್ಷಿಸಿ, ಕುತ್ತಿಗೆಯ ನಾಳದಿಂದ 400 ಮಿಲಿಲೀಟರ್ ರಕ್ತ ತೆಗೆದರು. ಅದರ ತಲೆ ನನ್ನ ತೊಡೆಯ ಮೇಲಿತ್ತು. ನಾನು ಮಲಗು ಎಂದೆ, ಮಲಗಿತು, ಅಷ್ಟೆ.

ನಾಲ್ಕನೆಯ ದಿನ ನೆರೆಮನೆಯಾಕೆ ಮತ್ತೆ ಬಂದರು. ಒಮ್ಮೆ ಕೊಟ್ಟ ನಾಯಿಗೆ ಕೆಲವು ವಾರಗಳ ಬಿಡುವು ಬೇಕೆಂದು ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. "ನನ್ನ ಮಗು ಸಾಯ್ತಾ ಇದೆ ಟೀಚರ್. ನಿಮ್ಮದು ನಾಯಿ ತಾನೇ, ತಡ್ಕೊಳುತ್ತೆ," ಎಂದರು. ನಾನು ಒಪ್ಪಲಿಲ್ಲ. ಅವರ ನಾಯಿ ಉಳಿಯಲಿಲ್ಲ. ಅವರು ಇವತ್ತಿಗೂ ನನ್ನೊಡನೆ ಮಾತಾಡುವುದಿಲ್ಲ.

ಆ ಮಾತಿಗೆ ಅವರೊಬ್ಬರನ್ನೇ ದೂರಲಾರೆ. 1666ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯವರು ಒಂದು ನಾಯಿಯ ರಕ್ತವನ್ನು ಇನ್ನೊಂದಕ್ಕೆ ಹರಿಸಿದಾಗ ಕೊಟ್ಟ ನಾಯಿ ಅಲ್ಲೇ ಸತ್ತಿತೆಂದು ಪೀಪ್ಸ್ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ನಮ್ಮವರಿಗೆ ಡಯಾಲಿಸಿಸ್ ಮಾಡುವಾಗ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್‌ನ ಕಥೆಯೂ ಅಷ್ಟೆ: 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯವಿದ್ಯಾರ್ಥಿ ಆರಂಭಿಸಿದ ಆ ಶೋಧಕ್ಕೆ ಒದಗಿದ್ದು ನಾಯಿಗಳ ಯಕೃತ್ತು. ಯಾವ ನಾಯಿಯನ್ನು ಯಾರು ಕೇಳಿದ್ದರು? ಎಲ್ಲ ಕಾಲಕ್ಕೂ ನಮ್ಮದು ಮಗು, ಮಿಕ್ಕದ್ದು ನಾಯಿ.

ಆದ್ದರಿಂದ ಅಂದು ನಮ್ಮ ನಾಯಿ ಕೊಟ್ಟದ್ದನ್ನು ದಾನವೆನ್ನಲು ನನಗೆ ಮನಸ್ಸಿಲ್ಲ. ಅದರ ಹೆಸರಿನಲ್ಲಿ ನಾನು ಮಾಡಿದ ಸಾಲ ಅದು. ಬಾಯಿಲ್ಲದ ಜೀವದ ಪರವಾಗಿ 'ಆಗಲಿ' ಎಂದವಳೇ 'ಇನ್ನು ಸಾಕು' ಎಂದೂ ಹೇಳಬೇಕು, ಅದಕ್ಕಾಗಿ ಒಂದು ಸ್ನೇಹ ಹೋದರೂ.