ಓದುಗನ ದಾಕ್ಷಿಣ್ಯ

ಕಳೆದ ಆಷಾಢದ ಒಂದು ಮಧ್ಯಾಹ್ನ, ಬೆಳಗಾವಿಯ ಮಳೆ ತನ್ನ ಪೂರ್ಣ ಪ್ರತಾಪವನ್ನು ತೋರುತ್ತಿದ್ದಾಗ, ಖಾನಾಪುರದಿಂದ ನನ್ನ ಅಕ್ಕ ಬಂದಳು. ಕ್ಯಾಂಪಿನಲ್ಲಿರುವ ನಮ್ಮ ಬಾಡಿಗೆ ಮನೆ ಹಳೆಯ ಕಾಲದ್ದು. ಹೆಂಚಿನ ಮಾಡು, ಮುಂದೆ ಉದ್ದನೆಯ ಪಡಸಾಲೆ. ಅಕ್ಕ ಛತ್ರಿಯನ್ನು ಅಲ್ಲಿ ಸೋರಲು ಬಿಟ್ಟು ಒಳಗೆ ಬಂದವಳು, ಚಹಕ್ಕೂ ಕಾಯದೆ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಪುಸ್ತಕವೊಂದನ್ನು ಚೀಲದಿಂದ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಪುಟಗಳ ನಡುವೆ ಪತ್ರಿಕೆಯ ತುಣುಕೊಂದಿತ್ತು. ಆ ಕಾದಂಬರಿಯನ್ನು ಕುರಿತು ನಾನೇ ಬರೆದಿದ್ದ ವಿಮರ್ಶೆ ಅದು.

“ತಮ್ಮಾ, ಇದನ್ನ ನೀ ಪೂರಾ ಓದಿ ಬರದಿಯೋ, ಇಲ್ಲಾ ರಕ್ಷಾಪುಟ ಓದಿ ಬರದಿಯೋ?”

ನಾನು ಪೂರ್ತಿ ಓದಿಯೇ ಬರೆದಿದ್ದೆ. ತಪ್ಪು ಇರುವುದು ಅಲ್ಲಿಯೇ. ಓದದೆ ಬರೆದವನಿಗೆ ಅಜ್ಞಾನದ ನೆಪವಾದರೂ ಉಂಟು.

ಲೇಖಕಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅವರು ಹಿರಿಯರು, ನಾಲ್ಕು ದಶಕ ಪ್ರೇಮದ, ಸಂಸಾರದ ಕಥೆಗಳನ್ನು ಬರೆದವರು. ಇಂಥ ಬರವಣಿಗೆಯನ್ನು ‘ಅಡುಗೆಮನೆ ಸಾಹಿತ್ಯ’ವೆಂದು ಮೂಗು ಮುರಿದ ಪಂಡಿತರು ಕನ್ನಡದಲ್ಲಿ ಕಡಮೆಯೇನಲ್ಲ. ಅವರವರ ಮನೆಯ ಅಡುಗೆಮನೆಯಲ್ಲಿ ಏನು ನಡೆಯುತ್ತಿತ್ತೆಂಬುದು ಆ ಪಂಡಿತರಿಗೆ ತಿಳಿದಿತ್ತೋ ಇಲ್ಲವೋ. ನನಗಂತೂ ಓದಿನ ರುಚಿ ಹತ್ತಿದ್ದು ಈ ಲೇಖಕಿಯಿಂದಲೇ. ೧೯೯೦ರ ದಶಕದಲ್ಲಿ ಅಕ್ಕ ದಿನಕ್ಕೆ ಎಂಟಾಣೆ ಬಾಡಿಗೆಗೆ ಅವರ ಕಾದಂಬರಿಗಳನ್ನು ತರುತ್ತಿದ್ದಳು. ಎರಡನೆಯ ದಿನದ ಎಂಟಾಣೆ ಉಳಿಯಲೆಂದು ಒಂದೇ ರಾತ್ರಿ ಓದಿ ಮುಗಿಸಿ, ಬೆಳಿಗ್ಗೆ ಅಕ್ಕಿ ಆರಿಸುತ್ತ ನನಗೆ ಕಥೆ ಹೇಳುತ್ತಿದ್ದಳು. ತಾಯಿಯದು ಬೇರೆಯೇ ದಾರಿ. ಬೆಳಗಾವಿಯ ಅನೇಕ ಮನೆಗಳಂತೆ ನಮ್ಮಲ್ಲಿಯೂ ಎರಡು ಭಾಷೆಗಳು ಒಂದೇ ಮಾಡಿನ ಕೆಳಗಿದ್ದವು. ತಾಯಿ ಮಾತನಾಡುವುದು ಕನ್ನಡ, ಓದುವುದು ಮರಾಠಿ. ನಾ. ಸೀ. ಫಡಕೆ, ವಿ. ಸ. ಖಾಂಡೇಕರ ಅವಳ ಮೆಚ್ಚಿನವರು. ಕಲೆ ಇರುವುದು ಕಲೆಗಾಗಿಯೋ ಬದುಕಿಗಾಗಿಯೋ ಎಂದು ಆ ಇಬ್ಬರ ಹೆಸರಿನಲ್ಲಿ ಮರಾಠಿಯಲ್ಲಿ ದೊಡ್ಡ ವಾದವೇ ನಡೆದಿತ್ತು. ತಾಯಿ ಇಬ್ಬರನ್ನೂ ಒಂದೇ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳು.

ಇರಲಿ. ಮಾತು ಹೊಸ ಕಾದಂಬರಿಯದು. ಸಣ್ಣ ಊರೊಂದರ ಹೆಂಗಸು. ಗಂಡ ಅವಳನ್ನೂ ಎರಡು ವರ್ಷದ ಮಗಳನ್ನೂ ಬಿಟ್ಟು ಹೊರಟುಹೋಗುತ್ತಾನೆ. ಅವಳು ಹೊಲಿಗೆ ಕಲಿತು, ಸಾಲಮಾಡಿ ಒಂದು ಮಷೀನು ಕೊಂಡು, ಒಂದು ನಾಲ್ಕಾಗಿ, ಅಂಗಡಿಯಿಟ್ಟು, ಮಗಳನ್ನು ಬೆಳೆಸುತ್ತಾಳೆ. ಹನ್ನೊಂದು ವರ್ಷದ ಮೇಲೆ ಗಂಡ ಕಾಯಿಲೆ ಹೊತ್ತುಕೊಂಡು ಬಾಗಿಲಿಗೆ ಬರುತ್ತಾನೆ. ಮುಂದಿನ ಹನ್ನೆರಡು ಪುಟಗಳಲ್ಲಿ ಅವಳು ಅವನ ಕಾಲು ತೊಳೆದು ಒಳಗೆ ಕರೆದು, ಬೀಗದ ಕೈ ಅವನಿಗೊಪ್ಪಿಸಿ, ಮಷೀನುಗಳನ್ನು ಮಾರಿ, ಅಂಗಡಿ ಮುಚ್ಚಿ, ದೇವರ ಮುಂದೆ ದೀಪ ಹಚ್ಚುತ್ತಾಳೆ. ಶುಭಂ.

ಓದಿ ಮುಗಿಸಿದ ರಾತ್ರಿ ನನ್ನ ಮನಸ್ಸಿಗೆ ಪಿಚ್ಚೆನಿಸಿತ್ತು. ಹೊಟ್ಟೆ ತುಂಬ ಉಂಡವರ ಮನೆಯಲ್ಲಿಯೇ ಒಮ್ಮೆ ಹಳಸಿದ ಅನ್ನ ಬಡಿಸಿದಂತೆ. ಆದರೆ ಬೆಳಿಗ್ಗೆ ಕುಳಿತು ಬರೆದದ್ದೇನು? ‘ಮಾಗಿದ ಜೀವನದೃಷ್ಟಿ’, ‘ಕ್ಷಮೆಯ ಮಹಿಮೆಯನ್ನು ಎತ್ತಿಹಿಡಿಯುವ ಕೃತಿ’, ‘ಪ್ರತಿಯೊಬ್ಬರೂ ಕೊಂಡು ಓದಬೇಕಾದ ಪುಸ್ತಕ’. ನಮ್ಮ ವಿಮರ್ಶಕರ ಬಳಿ ಇಂಥ ಮಾತುಗಳ ಒಂದು ಡಬ್ಬಿಯೇ ಇರುತ್ತದೆ. ಮುಚ್ಚಳ ತೆಗೆದರೆ ಸಾಕು, ತಾವಾಗಿಯೇ ಉದುರುತ್ತವೆ.

ಅಕ್ಕ ಅದನ್ನು ಓದಿ, ಸುಮಾರು ೨೬ ಕಿಲೋಮೀಟರು ಬಸ್ಸಿನಲ್ಲಿ ಬಂದು, ೨೪೦ ರೂಪಾಯಿ ಕೊಟ್ಟು ಪುಸ್ತಕ ಕೊಂಡಿದ್ದಳು. ಆ ದುಡ್ಡು ಅವಳದೇ. ಭಾವನ ಹೆಂಚಿನ ಕಾರ್ಖಾನೆಯ ಕೆಲಸ ನಿಂತ ವರ್ಷದಿಂದ ಅವಳೂ ರವಿಕೆ ಹೊಲಿಯುತ್ತಾಳೆ.

“ಗಂಡನ್ನ ಮನಿಯೊಳಗ ಕರಕೊಂಡ್ಲು ಅಂತ ನಂಗೇನೂ ಸಿಟ್ಟಿಲ್ಲ,” ಎಂದಳು ಅಕ್ಕ. “ಬ್ಯಾನಿ ಬಿದ್ದ ಮನಶಾನ್ನ ಯಾರರ ಹೊರಗ ಹಾಕ್ತಾರೇನು? ಆದ್ರ ಮಷೀನ್ ಯಾಕ ಮಾರಿದ್ಲು? ಇನ್ನ ಔಷಧದ ಖರ್ಚು ಬ್ಯಾರೆ. ಆ ಹುಡಿಗಿ ಹಂಗ ಮಾಡಾಕಿ ಅಲ್ಲ.”

ನಾನು ವಾದಿಸದೆ ಬಿಡಲಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಇದೊಂದು ರೋಗ. ಮನುಷ್ಯರು ಬದಲಾಗುತ್ತಾರೆ ಎಂದೆ. ಲೇಖಕಿಯೂ ಬದಲಾಗಬಹುದು ಎಂದೆ. ವಯಸ್ಸಾದ ಮೇಲೆ ಜಗಳಕ್ಕಿಂತ ಕ್ಷಮೆ ದೊಡ್ಡದಾಗಿ ಕಂಡಿರಬಹುದು. ನಮಗೆ ಬೇಕಾದದ್ದನ್ನೇ ಅವರು ಬರೆಯುತ್ತಿರಬೇಕೆಂದರೆ ಹೇಗೆ? ಕುಂದಾ ಅಂಗಡಿಯವನನ್ನು ‘ಹೋದ ಸಲದ ರುಚಿಯೇ ಬೇಕು’ ಎಂದು ಕೇಳಬಹುದು, ಕಾದಂಬರಿಕಾರರನ್ನು ಹಾಗೆ ಕೇಳಬಹುದೆ?

ಈ ವಾದದಲ್ಲಿ ಹುರುಳಿಲ್ಲವೆಂದು ಈಗಲೂ ಅನ್ನಲಾರೆ. ಓದುಗರ ಪ್ರೀತಿ ಕೆಲವೊಮ್ಮೆ ಸಾಲಗಾರನ ಬಾಗಿಲಲ್ಲಿ ಕೂತ ಸಾಹುಕಾರನಂತಿರುತ್ತದೆ. ನೂರಕ್ಕೂ ಮೀರಿ ಕಾದಂಬರಿಗಳನ್ನು ಬರೆದ ಅ. ನ. ಕೃಷ್ಣರಾಯರು ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ಗಳಲ್ಲಿ ವೇಶ್ಯೆಯರ ಬದುಕನ್ನು ಎತ್ತಿಕೊಂಡಾಗ, ಅದುವರೆಗೆ ಅವರನ್ನು ಮೆಚ್ಚಿದವರಲ್ಲಿಯೇ ಎಷ್ಟೋ ಜನ ಮುಖ ತಿರುಗಿಸಿದರು. ಅನಕೃ ಸುಮ್ಮನಿರಲಿಲ್ಲ, ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಅಲ್ಲಿ ಲೇಖಕರು ಹೊಸ ದಾರಿ ಹಿಡಿದಿದ್ದರು, ಓದುಗರು ಹಳೆಯ ದಾರಿಯಲ್ಲಿಯೇ ನಿಂತಿದ್ದರು. ಅಂಥ ನಿರಾಶೆಗೆ ಓದುಗನೇ ಹೊಣೆ.

ಆದರೆ ಅಕ್ಕ ಹಳೆಯ ರುಚಿ ಕೇಳುತ್ತಿರಲಿಲ್ಲ. ಅವಳಿಗೆ ಸುಖಾಂತದ ಹಟವೂ ಇಲ್ಲ. ತ್ರಿವೇಣಿಯವರ ‘ಬೆಳ್ಳಿಮೋಡ’ ಅವಳಿಗೆ ಪ್ರಾಣ. ಇಂದಿರೆಗೆ ಬರಬೇಕಾಗಿದ್ದ ಆಸ್ತಿಯ ಮೇಲೆ ಕಣ್ಣಿಟ್ಟಿದ್ದ ಮೋಹನ, ಅವಳಿಗೆ ತಮ್ಮ ಹುಟ್ಟಿದೊಡನೆ ಮದುವೆಯಿಂದ ಹಿಂಜರಿಯುತ್ತಾನೆ. ಮುಂದೆ ಅವನು ಪೆಟ್ಟುಬಿದ್ದು ಮಲಗಿದಾಗ ಅವಳೇ ಆರೈಕೆ ಮಾಡುತ್ತಾಳೆ, ಅವನಿಗೆ ಅವಳ ಬೆಲೆ ತಿಳಿಯುತ್ತದೆ, ಮತ್ತೆ ಕೇಳುತ್ತಾನೆ, ಅವಳು ಒಲ್ಲೆನೆನ್ನುತ್ತಾಳೆ. ಪ್ರೇಮಕಥೆ ಓದಲೆಂದು ಕೈಗೆತ್ತಿಕೊಂಡವರಿಗೆ ಇದಕ್ಕಿಂತ ದೊಡ್ಡ ನಿರಾಶೆ ಇನ್ನೇನು? ಆದರೂ ಯಾರೂ ಮೋಸಹೋದೆವೆಂದು ದೂರಲಿಲ್ಲ. ೧೯೬೭ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಿತ್ರವಾಗಿಸಿದಾಗಲೂ ಜನ ಆ ನಿರಾಕರಣೆಯನ್ನು ಒಪ್ಪಿಕೊಂಡರು. ಇಂದಿರೆ ಅದನ್ನಲ್ಲದೆ ಬೇರೇನನ್ನೂ ಹೇಳುವಂತಿರಲಿಲ್ಲ. (ತ್ರಿವೇಣಿಯವರು ೧೯೬೩ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ದಣಿದ ಲೇಖನಿಯ ಪುಸ್ತಕವನ್ನು ಅವರಿಂದ ಓದುವ ದುಃಖ ನಮಗೆ ಬರಲಿಲ್ಲ. ಇದನ್ನು ಭಾಗ್ಯವೆನ್ನಲು ನಾಲಗೆ ಏಳುವುದಿಲ್ಲ.)

ಹಾಗೆಯೇ, ಕ್ಷಮೆ ಎಂಬುದು ಕಥೆಗೆ ಒಗ್ಗದ ಮುಕ್ತಾಯವೂ ಅಲ್ಲ. ಬಿಟ್ಟುಹೋದ ಗಂಡ, ಬಿಡಲ್ಪಟ್ಟ ಹೆಂಡತಿ, ನಡುವೆ ಹನ್ನೆರಡು ವರ್ಷ: ಎಂಟನೆಯ ಶತಮಾನದ ಭವಭೂತಿ ‘ಉತ್ತರರಾಮಚರಿತ’ದಲ್ಲಿ ಎತ್ತಿಕೊಂಡದ್ದು ಇದನ್ನೇ. ರಾಮಾಯಣದಲ್ಲಿ ಭೂಮಿಯೊಳಗೆ ಹೋಗುವ ಸೀತೆಯನ್ನು ಅವನು ರಾಮನೊಡನೆ ಸೇರಿಸಿಬಿಟ್ಟ. ಆದರೆ ಅದಕ್ಕೆ ಮೊದಲು ಮೂರನೆಯ ಅಂಕವಿದೆ. ಯಾರ ಕಣ್ಣಿಗೂ ಕಾಣದಂತೆ ಸೀತೆ ಪಂಚವಟಿಯಲ್ಲಿ ನಿಂತಿದ್ದಾಳೆ. ತಾನು ಒಬ್ಬನೇ ಎಂದುಕೊಂಡ ರಾಮ ಹಳೆಯ ಜಾಗಗಳನ್ನು ನೋಡಿ ಮೂರ್ಛೆ ಹೋಗುವಷ್ಟು ಅಳುತ್ತಾನೆ. ಅವಳ ಎದೆಯ ಮುಳ್ಳು ನಮ್ಮ ಕಣ್ಣೆದುರಿಗೇ ಸಡಿಲವಾಗುತ್ತದೆ. ಆಮೇಲಿನ ಪುನರ್ಮಿಲನಕ್ಕೆ ಭವಭೂತಿ ಬೆಲೆ ತೆತ್ತಿದ್ದಾನೆ. ನಮ್ಮ ಲೇಖಕಿ ಬೆಲೆ ಕೊಡದೆ ಸಾಮಾನು ಎತ್ತಿಕೊಂಡಿದ್ದಾರೆ. ಹಿಂತಿರುಗಿದ ಗಂಡ ಹನ್ನೊಂದು ವರ್ಷ ಎಲ್ಲಿದ್ದ, ಏನುಂಡ, ಮಗಳ ಹೆಸರಾದರೂ ನೆನಪಿತ್ತೆ? ಒಂದು ಸಾಲೂ ಇಲ್ಲ.

ಇನ್ನೊಬ್ಬರ ಒತ್ತಾಯಕ್ಕೆ ಮುಕ್ತಾಯ ಬದಲಾದದ್ದೂ ಉಂಟು. ಡಿಕನ್ಸ್ ತನ್ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ನಲ್ಲಿ ಪಿಪ್ ಮತ್ತು ಎಸ್ಟೆಲ್ಲಾ ದಾರಿಯಲ್ಲೊಮ್ಮೆ ಸಂಧಿಸಿ ಅಗಲಿಹೋಗುವಂತೆ ಮೊದಲು ಬರೆದಿದ್ದ. ೧೮೬೧ರಲ್ಲಿ ಅದು ಅಚ್ಚಾಗುವ ಮೊದಲು ಬುಲ್ವರ್ ಲಿಟ್ಟನ್ ಎಂಬ ಕಾದಂಬರಿಕಾರ ಮಿತ್ರ ಬೇಡವೆಂದ. ಡಿಕನ್ಸ್ ಇಬ್ಬರನ್ನೂ ಸೇರಿಸುವ ಸೂಚನೆಯಿಟ್ಟು ಮುಗಿಸಿದ. ಅವನು ತೀರಿಕೊಂಡ ಮೇಲೆ ಜೀವನಚರಿತ್ರೆ ಬರೆದ ಫಾರ್ಸ್ಟರ್ ಹಳೆಯ ಮುಕ್ತಾಯವನ್ನು ಹೊರಗೆಡವಿದ. ಎರಡರಲ್ಲಿ ಯಾವುದು ನಿಜವೆಂಬ ಜಗಳ ಇಂದಿಗೂ ತೀರಿಲ್ಲ. ನನಗೆ ಮೊದಲಿನದೇ ಸರಿಯೆನಿಸುತ್ತದೆ. ಆದರೆ ಡಿಕನ್ಸನ ಜಾಣ್ಮೆ ನೋಡಿ, ಬದಲಾಯಿಸಿದ ಪುಟದಲ್ಲಿಯೂ ಪಾಳುಬಿದ್ದ ತೋಟ, ಸಂಜೆಯ ಮಂಜು ಎಲ್ಲವನ್ನೂ ಇಟ್ಟು ಸಂತೋಷಕ್ಕೆ ಪೂರ್ತಿ ಬೆಳಕು ಬೀಳದಂತೆ ನೋಡಿಕೊಂಡಿದ್ದಾನೆ.

ರಸಭಂಗಕ್ಕೆ ಅನೌಚಿತ್ಯದ ಹೊರತು ಬೇರೆ ಕಾರಣವಿಲ್ಲವೆಂಬುದು ಒಂಬತ್ತನೆಯ ಶತಮಾನದ ಆನಂದವರ್ಧನನ ಮತ. ಪ್ರತಿವರ್ಷ ತಪ್ಪದೆ ಇದನ್ನು ತರಗತಿಯಲ್ಲಿ ಹೇಳುತ್ತೇನೆ. ಹುಡುಗರು ಬರೆದುಕೊಳ್ಳುತ್ತಾರೆ. ಅಕ್ಕ ಎಸ್ಸೆಸ್ಸೆಲ್ಸಿ ಮುಗಿಸಿದವಳು, ಆನಂದವರ್ಧನನ ಹೆಸರು ಕೇಳಿದವಳಲ್ಲ. ‘ಮಷೀನ್ ಯಾಕ ಮಾರಿದ್ಲು’ ಎಂದು ಕೇಳಿದಳು. ಸಹೃದಯ ಯಾರೆಂಬುದನ್ನು ಮತ್ತೊಮ್ಮೆ ಓದಿ ನೋಡಬೇಕಾದವನು ನಾನು.

ಹಾಗಾದರೆ ಗೊತ್ತಿದ್ದೂ ಹೊಗಳಿದ್ದೇಕೆ? ದಾಕ್ಷಿಣ್ಯ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹಿರಿಯ ಜೀವ, ಈಗ ಆರೋಗ್ಯವೂ ಸರಿಯಿಲ್ಲ, ಈ ವಯಸ್ಸಿನಲ್ಲಿ ನೋಯಿಸುವುದೇಕೆ ಎಂದು. ದಾಕ್ಷಿಣ್ಯ ನಮ್ಮಲ್ಲಿ ದೊಡ್ಡ ಗುಣ. ಆದರೆ ಅಲಂಕಾರಶಾಸ್ತ್ರದಲ್ಲಿ ನಾಯಕರನ್ನು ನಾಲ್ಕು ಬಗೆಯಾಗಿ ವಿಂಗಡಿಸುವಾಗ ‘ದಕ್ಷಿಣ’ನೆಂಬುವನೊಬ್ಬ ಬರುತ್ತಾನೆ: ಹಲವು ನಾಯಿಕೆಯರಿದ್ದು, ಯಾರ ಮನಸ್ಸೂ ನೋಯದಂತೆ ಎಲ್ಲರೊಡನೆ ಸವಿಯಾಗಿ ನಡೆದುಕೊಳ್ಳುವವನು. ಅವನ ಪಕ್ಕದ ಮನೆಯವನೇ ‘ಶಠ’, ಸವಿಮಾತಾಡಿ ಒಳಗೆ ವಂಚಿಸುವವನು. ನಡುವಿನ ಗೋಡೆ ಬಹಳ ತೆಳು. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ನನ್ನದೊಂದು ಪ್ರಬಂಧ ಸಂಕಲನ ಸಿದ್ಧವಾಗಿದೆ. ಅದಕ್ಕೆ ಆ ಲೇಖಕಿಯಿಂದ ಮುನ್ನುಡಿ ಬರೆಸಬೇಕೆಂಬ ಆಸೆ ನನಗಿತ್ತು. ಹೊಗಳಿಕೆ ಬರೆಯುವಾಗ ಇದು ನೆನಪಿಗೆ ಬರಲಿಲ್ಲವೆಂದರೆ ಸುಳ್ಳಾದೀತು.

ನನ್ನ ದಾಕ್ಷಿಣ್ಯಕ್ಕೆ ಬೆಲೆ ಕೊಟ್ಟವಳು ಅಕ್ಕ. ಎರಡು ನೂರ ನಲವತ್ತು ರೂಪಾಯಿ, ಬಸ್ಸಿನ ಖರ್ಚು, ಒಂದು ಮಧ್ಯಾಹ್ನದ ಹೊಲಿಗೆ. ಲೇಖಕಿಗೂ ನಾನು ಉಪಕಾರ ಮಾಡಲಿಲ್ಲ. ವರ್ಷಗಟ್ಟಲೆ ಎಲ್ಲರೂ ಹೊಗಳುತ್ತಲೇ ಬಂದಿದ್ದರೆ, ಮಷೀನು ಮಾರುವ ಪುಟ ಬರೆಯುವಾಗ ಕೈ ತಡೆಯುವುದು ಹೇಗೆ? ಯಾರಾದರೂ ಒಬ್ಬರು ಹಿಂದಿನ ಪುಸ್ತಕಕ್ಕೇ ಹೇಳಿದ್ದರೆ? ಹಿಂದಿನದಕ್ಕೂ ನಾನೇ ಬರೆದಿದ್ದೆ. ಅದೂ ಸ್ವಲ್ಪ ಸಡಿಲವಾಗಿತ್ತು; ನನ್ನ ಡಬ್ಬಿ ಆಗಲೂ ತುಂಬಿತ್ತು.

ಸಂಜೆ ಮಳೆ ಸ್ವಲ್ಪ ಹಿಡಿಯಿತು. ಬಸ್‌ನಿಲ್ದಾಣಕ್ಕೆ ಬಿಡಲು ಹೊರಟೆ. ಆ ಪುಸ್ತಕವನ್ನು ಅಕ್ಕ ನನ್ನ ಮೇಜಿನ ಮೇಲೆಯೇ ಬಿಟ್ಟಿದ್ದಳು, ನನ್ನ ತುಣುಕೂ ಅದರೊಳಗೇ ಇತ್ತು. ಬದಲಿಗೆ ನನ್ನ ಕಪಾಟಿನಿಂದ ಅದೇ ಲೇಖಕಿಯ ಹಳೆಯ ಕಾದಂಬರಿಯೊಂದನ್ನು, ಹೊಲಿಗೆ ಬಿಚ್ಚಿ ಬೆನ್ನಿಗೆ ಕಾಗದ ಅಂಟಿಸಿದ್ದನ್ನು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದಳು. ಲೇಖಕಿಗೆ ನಾನೇ ಕಾಗದ ಬರೆದು ಎಲ್ಲವನ್ನೂ ಹೇಳುತ್ತೇನೆಂದೆ. ಅವಳು ‘ಬರಿ’ ಎಂದಳು, ಅಷ್ಟೆ.

ಖಾನಾಪುರದ ಬಸ್ಸು ಬಂದಿತು. ಕಿಟಕಿಯ ಪಕ್ಕ ಸೀಟು ಹಿಡಿದು, ಗಾಜು ಸರಿಸಿ ಕೂಗಿ ಹೇಳಿದಳು:

“ಅವರದು ಇನ್ನೊಂದು ಪುಸ್ತಕ ಬಂದ್ರ ಹೇಳು. ಈ ಸಲ ಮದಲ ನಾ ಓದತೀನಿ, ಆಮ್ಯಾಲೆ ನೀ ಬರಿ.”