ಒಳ್ಳೆ ಸುಶಿ ಎಲ್ಲಿ ಸಿಗುತ್ತೆ?

‘ಮಾಮ, ದಾವಣಗೆರೇಲಿ ಒಳ್ಳೆ ಸುಶಿ ಎಲ್ಲಿ ಸಿಗುತ್ತೆ?’

ಅಕ್ಕನ ಮಗಳು ಬೆಂಗಳೂರಿನಿಂದ ಫೋನು ಮಾಡಿ ಹೀಗೆ ಕೇಳಿದಾಗ ನಾನು ಅಶೋಕ ರಸ್ತೆಯಲ್ಲಿ ನಿಂತು ಮಂಡಕ್ಕಿ ಕಟ್ಟಿಸಿಕೊಳ್ಳುತ್ತಿದ್ದೆ. ‘ಯಾವ ಸುಶಿನೇ? ನಿಮ್ಮ ಕ್ಲಾಸ್‌ಮೇಟ್ ಸುಶೀಲಾನಾ?’ ಅಂದೆ. ಅವಳು ನಕ್ಕಿದ್ದು ಇನ್ನೂ ನಿಂತಿಲ್ಲ, ಮನೆಯವರೆಲ್ಲ ಸೇರಿದಾಗ ಈಗಲೂ ಆ ಮಾತು ಬರುತ್ತದೆ.

ವಿಷಯ ಇಷ್ಟು. ಅವಳು ಕೆಲಸ ಮಾಡುವುದು ಒಂದು ಜಪಾನಿ ಕಂಪನಿಯಲ್ಲಿ. ಅವಳ ನಿಶ್ಚಿತಾರ್ಥಕ್ಕೆ ಕಂಪನಿಯ ಮ್ಯಾನೇಜರ್ ದಾವಣಗೆರೆಗೆ ಬರುವವರಿದ್ದರು. ‘ಪಾಪ, ಎರಡು ದಿನ ಬರೀ ಮಿರ್ಚಿ, ಖಾರ ಮಂಡಕ್ಕಿ ತಿಂದ್ಕೊಂಡು ಇರೋಕಾಗುತ್ತಾ? ಒಂದು ಊಟಕ್ಕಾದ್ರೂ ಅವರ ಕಡೆದು ಏನಾದ್ರೂ ನೋಡು’ ಅಂತ ಅವಳ ಕಳಕಳಿ.

ನೋಡಿದೆ. ಪಿ.ಜೆ. ಬಡಾವಣೆ, ವಿದ್ಯಾನಗರ, ಹದಡಿ ರಸ್ತೆ ಎಲ್ಲ ಕಡೆ ವಿಚಾರಿಸಿದೆ. ನೂಡಲ್ಸು, ಗೋಬಿ ಮಂಚೂರಿ, ಮೋಮೋ ತನಕ ನಮ್ಮೂರು ಬಂದಿದೆ. ಜಪಾನಿನ ತನಕ ಬಂದಂತೆ ಕಾಣಲಿಲ್ಲ. ಒಂದು ಕಡೆ ಹುಡುಗನೊಬ್ಬ ‘ಆರ್ಡರ್ ಕೊಟ್ರೆ ಮಾಡಿಸಿ ಕೊಡ್ತೀವಿ ಸರ್, ಹೆಂಗಿರುತ್ತೆ ಅಂತ ಫೋಟೋ ಇದ್ರೆ ಕಳ್ಸಿ’ ಅಂದ. ಅವನ ಧೈರ್ಯ ನನಗೆ ಇಷ್ಟವಾಯಿತು.

ಕೊನೆಗೆ ನಿಶ್ಚಿತಾರ್ಥದ ಸೀರೆ ತರಲು ಬೆಂಗಳೂರಿಗೆ ಹೋದಾಗ ಅವಳೇ ನನಗೆ ಸುಶಿಯ ಪರಿಚಯ ಮಾಡಿಸಿದಳು. ಬೆಂಗಳೂರಿನಲ್ಲಿ ಇಂಥ ಹೋಟೆಲುಗಳಿಗೆ ಈಗ ಬರವಿಲ್ಲ. ರೆಸಿಡೆನ್ಸಿ ರಸ್ತೆಯ ಹರಿಮಾ, ಲ್ಯಾವೆಲ್ಲೆ ರಸ್ತೆಯ ಮತ್ಸುರಿ ಅಂತೆಲ್ಲ ಅವಳು ಹೆಸರು ಹೇಳುತ್ತ ಹೋದಳು. ಹರಿಹರದಲ್ಲಿ ಬೆಳೆದವನಿಗೆ ಹರಿಮಾ ಎಂಬ ಹೆಸರೇ ನೆಂಟರ ಹೆಸರಿನಂತೆ ಕೇಳಿಸಿತು. ಅಷ್ಟೇ ಅಲ್ಲ. ಬೆಂಗಳೂರಿನ ಸುತ್ತ ಜಪಾನಿಗಳು ನೆಲೆಸಲು ಒಂದು ಕಾರಣ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ. ಆ ಕಂಪನಿ ಹುಟ್ಟಿದ್ದು 1997ರಲ್ಲಿ, ದಾವಣಗೆರೆ ಜಿಲ್ಲೆ ಹುಟ್ಟಿದ ವರ್ಷವೇ. ಆ ಕಿರ್ಲೋಸ್ಕರ್ ಹೆಸರಿಗೂ ನನಗೂ ಹಳೆಯ ನಂಟು. ಅಪ್ಪ ಕೆಲಸ ಮಾಡಿದ್ದು ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ. 1941ರಲ್ಲಿ ಶುರುವಾದ ಲೇತ್ ಯಂತ್ರಗಳ ಕಾರ್ಖಾನೆ ಅದು. ಅದರಿಂದಲೇ ಆ ಜಾಗಕ್ಕೆ ಯಂತ್ರಾಪುರ ಅಂತ ಹೆಸರು ಬಂದದ್ದು.

ಅವಳು ಕರೆದುಕೊಂಡು ಹೋದದ್ದು ಆಫೀಸಿನ ಹತ್ತಿರದ ಒಂದು ಚಿಕ್ಕ ಜಾಗಕ್ಕೆ. ನಾನು ಮೀನು-ಮಾಂಸ ತಿನ್ನುವವನಲ್ಲ. ನನಗೆ ಸೌತೆಕಾಯಿ ಇಟ್ಟು ಸುತ್ತಿದ್ದು ಬಂತು, ಅವಳಿಗೆ ಹಸಿ ಸಾಲ್ಮನ್. ಸುಶಿ ಅಂದರೆ ಹಸಿ ಮೀನು ಅಂತಲೇ ನಾನು ತಿಳಿದಿದ್ದೆ. ಅಲ್ಲವಂತೆ, ಸುಶಿಯ ಜೀವ ಇರುವುದು ಅನ್ನದಲ್ಲಿ. ಗಿಡ್ಡ ಕಾಳಿನ ಅಂಟು ಅಕ್ಕಿ, ಅದಕ್ಕೆ ಅಕ್ಕಿಯದೇ ವಿನಿಗರ್, ಸಕ್ಕರೆ, ಉಪ್ಪು. ಒಳ್ಳೆಯ ಜಾಗದಲ್ಲಿ ಅನ್ನ ಫ್ರಿಜ್ಜಿನಿಂದ ತೆಗೆದಂತೆ ತಣ್ಣಗಿರಬಾರದು, ಅಂಗೈಯಷ್ಟು ಬೆಚ್ಚಗಿರಬೇಕು. ಬಾಗಿಲು ತೆರೆದಾಗ ಮೀನಿನ ವಾಸನೆ ಮೂಗಿಗೆ ಹೊಡೆಯಬಾರದು. ನಾನು ಅವಳ ತಟ್ಟೆಯ ಮೇಲೆ ಬಗ್ಗಿ ಮೂಸಿ ನೋಡಿದೆ. ನಿಜ, ಏನೂ ವಾಸನೆಯಿಲ್ಲ. ಬಣ್ಣ ನೋಡಿ, ಎಂಥ ಕೈ ಅಂತ ಹೊಗಳಿದೆ, ಫೋಟೋ ತೆಗೆದೆ, ಹೆಂಡತಿಗೆ ಕಳಿಸಿದೆ.

ನಡುವೆ ಒಂದು ಪುಟ್ಟ ಬಟ್ಟಲಲ್ಲಿ ಸೂಪು ಬಂದಿತ್ತು. ಹದವಾಗಿತ್ತು. ಮೂರ್ನಾಲ್ಕು ಗುಟುಕು ಕುಡಿದ ಮೇಲೆ ಅವಳು ಹಣೆ ಚಚ್ಚಿಕೊಂಡು, ‘ಅಯ್ಯೋ ಮಾಮ, ಹೇಳೋದು ಮರ್ತೆ. ಅದು ಒಣಮೀನು ತುರಿದು ಬಸಿದ ನೀರಲ್ಲಿ ಮಾಡೋದು’ ಅಂದಳು. ನಾನು ಬಟ್ಟಲು ಕೆಳಗಿಟ್ಟೆ. ಕಾದೆ. ಹೊಟ್ಟೆ ತೊಳಸುತ್ತದೆ ಅಂದುಕೊಂಡಿದ್ದೆ, ತೊಳಸಲಿಲ್ಲ. ‘ಪರವಾಗಿಲ್ಲ ಬಿಡು, ಗೊತ್ತಿಲ್ಲದೆ ಆಗಿದ್ದು’ ಅಂದೆ. ಬಿಲ್ಲು ನಮ್ಮ ಮೇಲಿನ ಮನೆಯ ಅರ್ಧ ತಿಂಗಳ ಬಾಡಿಗೆಯಷ್ಟಾಗಿತ್ತು.

ವಾಪಸು ಬರುವ ರೈಲಿನಲ್ಲಿ ಕೊರೆಯಲು ಶುರುವಾದದ್ದು ಆ ‘ಮೇಲಿನ ಮನೆ’.

ಏಳು ವರ್ಷದ ಹಿಂದೆ ನಮ್ಮ ಮೇಲಿನ ಮನೆಗೆ ಒಬ್ಬ ಟೀಚರು, ಅವರ ತಾಯಿ ಬಾಡಿಗೆಗೆ ಬಂದಿದ್ದರು. ಹರಿಹರದವರು ಅಂದಾಕ್ಷಣ ನಾನು ನಮ್ಮೂರವರೇ ಅಂತ ಹಿಗ್ಗಿ ಅಡ್ವಾನ್ಸಿನಲ್ಲಿ ಐದು ಸಾವಿರ ಬಿಟ್ಟಿದ್ದೆ. ಹೊಳೆ ದಂಡೆಯ ಕೇರಿಯವರು ಅಂತ ಆಮೇಲೆ ಗೊತ್ತಾಯಿತು. ಭಾನುವಾರ ಮಧ್ಯಾಹ್ನ ಮೆಟ್ಟಿಲಲ್ಲಿ ಮೀನಿನ ಸಾರಿನ ವಾಸನೆ ಇಳಿದು ಬರುತ್ತಿತ್ತು. ಆ ತಾಯಿ ಅದಕ್ಕಂತಲೇ ಕಿಟಕಿಗಳನ್ನೆಲ್ಲ ಹಾಕಿಕೊಂಡು ಸೆಕೆಯಲ್ಲಿ ಅಡುಗೆ ಮಾಡುತ್ತಿದ್ದರು. ನನ್ನ ಹೆಂಡತಿಗೆ ಡೆಂಗಿ ಆದಾಗ ರಾತ್ರಿ ಆಸ್ಪತ್ರೆಯಲ್ಲಿ ಕೂತವರು ಅದೇ ಟೀಚರು. ಹತ್ತು ತಿಂಗಳಿಗೆ ನಾನು ಅವರನ್ನು ಬಿಡಿಸಿದೆ. ಕಾರಣ ಹೇಳುವ ಧೈರ್ಯವಿರಲಿಲ್ಲ. ‘ನಮ್ಮ ತಮ್ಮ ವರ್ಗಾವಣೆ ಆಗಿ ಬರ್ತಿದಾನಮ್ಮ’ ಅಂದೆ. ನನಗೆ ತಮ್ಮನೇ ಇಲ್ಲ. ಅದು ಅವರಿಗೂ ಗೊತ್ತಿತ್ತು. ಕೀಲಿ ಕೊಡುವಾಗ, ‘ಮೊದಲೇ ಹೇಳಿದ್ರೆ ನಾವೇ ಬಿಡ್ತಿದ್ವಿ ಸರ್’ ಅಂದರು. ಅಷ್ಟೇ. ಅವರು ಹೋದ ವಾರವೇ ಗೇಟಿಗೆ ‘ಮನೆ ಬಾಡಿಗೆಗೆ ಇದೆ, ಸಸ್ಯಾಹಾರಿಗಳಿಗೆ ಮಾತ್ರ’ ಅಂತ ಬೋರ್ಡು ತೂಗುಹಾಕಿದೆ.

ಇಷ್ಟು ದಿನ ಇದಕ್ಕೆ ನನ್ನ ಹತ್ತಿರ ಒಂದು ಸಮಾಧಾನವಿತ್ತು. ನನ್ನ ಮನೆ, ನನ್ನ ಮೂಗು. ವಾಸನೆ ಆಗಿಬರುವುದಿಲ್ಲ ಅಂದರೆ ಆಗಿಬರುವುದಿಲ್ಲ, ಅದರಲ್ಲಿ ಜಾತಿಯ ಮಾತೇನು ಬಂತು? ಈ ವಾದ ಪೂರ್ತಿ ಸುಳ್ಳು ಅಂತ ಈಗಲೂ ಹೇಳಲಾರೆ. ಹುಟ್ಟಿದಾಗಿನಿಂದ ಮನೆಯಲ್ಲಿ ಕಾಣದ ವಾಸನೆಗೆ ಹೊಟ್ಟೆ ತೊಳಸುವುದು ನಾಟಕವಲ್ಲ. ನನ್ನ ಅಡುಗೆಮನೆಯಲ್ಲಿ ಏನು ಬೇಯಬೇಕು ಅನ್ನುವುದು ನನ್ನ ಹಕ್ಕೇ. ಆದರೆ ಬೆಂಗಳೂರಿನ ಆ ಬಟ್ಟಲು ನನ್ನ ಮೂಗಿನ ಸಾಕ್ಷಿಯನ್ನು ಕೆಡಿಸಿಬಿಟ್ಟಿತು. ಮೀನಿನ ನೀರು ಗಂಟಲಲ್ಲಿ ಇಳಿದರೂ ಸುಮ್ಮನಿದ್ದ ಹೊಟ್ಟೆ, ಮೆಟ್ಟಿಲ ಮೇಲಿನ ವಾಸನೆಗೆ ಯಾಕೆ ತೊಳಸುತ್ತಿತ್ತು? ಸೂಪಿಗೆ ‘ಪರವಾಗಿಲ್ಲ ಬಿಡು’ ಅಂದ ನಾಲಿಗೆ, ಕಿಟಕಿ ಹಾಕಿಕೊಂಡು ಬೇಯಿಸುತ್ತಿದ್ದ ಆ ತಾಯಿಗೆ ಯಾಕೆ ಹಾಗನ್ನಲಿಲ್ಲ?

ಬೆಣ್ಣೆ ದೋಸೆ ಯಾವುದು ಒಳ್ಳೆಯದು ಅಂತ ಕೇಳಿ, ದಾವಣಗೆರೆಯ ಯಾರನ್ನಾದರೂ ಸರಿ. ಹುಳಿ ಎಷ್ಟು, ಬೆಣ್ಣೆ ಎಂಥದ್ದು, ಪಲ್ಯ ಹೇಗಿರಬೇಕು ಅಂತ ಜಗಳಕ್ಕೇ ಬರುತ್ತಾರೆ. ನಮಗೆ ಅಳತೆ ಗೊತ್ತು. ಸುಶಿಯ ಅಳತೆ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವನು ಬೆಲೆ ನೋಡುತ್ತಾನೆ, ಲೈಟು ನೋಡುತ್ತಾನೆ, ಎದುರು ಕೂತವರ ಇಂಗ್ಲಿಷು ನೋಡುತ್ತಾನೆ. ನಾನು ಅಲ್ಲಿ ಮರ್ಯಾದೆ ಕೊಟ್ಟದ್ದು ಬಹುಶಃ ಮೀನಿಗಲ್ಲ.

ಆ ಸುಶಿಗಾದರೂ ಮರ್ಯಾದೆ ಯಾವಾಗ ಬಂತು? ಈಗಿನ ರೂಪದ, ಅನ್ನದ ಉಂಡೆ ಮೇಲೆ ಮೀನು ಇಡುವ ಸುಶಿ 1820ರ ದಶಕದಲ್ಲಿ ಎದೊ ಊರಿನಲ್ಲಿ, ಅಂದರೆ ಈಗಿನ ಟೋಕಿಯೋದಲ್ಲಿ ರೂಢಿಗೆ ಬಂತು ಅನ್ನುತ್ತಾರೆ. ಹನಾಯ ಯೊಹೆಯಿ ಎಂಬಾತನ ಹೆಸರನ್ನು ಅದಕ್ಕೆ ಹಚ್ಚುತ್ತಾರೆ. ಬೀದಿ ಬದಿಯ ಗಾಡಿ ತಿಂಡಿ ಅದು, ಅವಸರದಲ್ಲಿರುವವರು ನಿಂತುಕೊಂಡೇ ತಿಂದು ಹೋಗುವಂಥದ್ದು, ನಮ್ಮ ಮಿರ್ಚಿ-ಮಂಡಕ್ಕಿ ಹಾಗೆ. ನಾನು ಬಾಯಿ ತೆರೆದು ಹೊಗಳಿದ ಹಸಿ ಸಾಲ್ಮನ್ ಅಂತೂ ಹಳೆಯ ಜಪಾನಿನದೇ ಅಲ್ಲ. 1980ರ ದಶಕದಲ್ಲಿ ನಾರ್ವೆಯವರು ತಮ್ಮ ಮೀನು ಮಾರಲು ಹೋಗಿ, ಹಸಿಯಾಗಿ ತಿನ್ನಬಹುದು ಅಂತ ಜಪಾನಿಗಳನ್ನು ವರ್ಷಗಟ್ಟಲೆ ಒಪ್ಪಿಸಿದ ಮೇಲೆ ಬಂದದ್ದು.

ಜಪಾನಿನವರೇನು ಈ ವಿಷಯದಲ್ಲಿ ದೇವರಲ್ಲ. ಕ್ರಿ.ಶ. 675ರಲ್ಲಿ ತೆನ್ಮು ಎಂಬ ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿಯ ಮಾಂಸ ತಿನ್ನಬಾರದೆಂದು ಆಜ್ಞೆ ಹೊರಡಿಸಿದ. ಅಲ್ಲಿಂದ ಸಾವಿರ ವರ್ಷಕ್ಕೂ ಮೀರಿ ಮಾಂಸಕ್ಕೆ ಒಂದು ಮೈಲಿಗೆ ಅಂಟಿಕೊಂಡಿತು. ಸತ್ತ ದನ ಎತ್ತುವವರು, ಚರ್ಮ ಹದ ಮಾಡುವವರು ಊರಾಚೆ ಇರಬೇಕಾಯಿತು. ಓದುತ್ತಿದ್ದರೆ ನಮ್ಮದೇ ಊರಿನ ಕಥೆ ಅನ್ನಿಸುತ್ತದೆ. 1871ರಲ್ಲಿ ಸರ್ಕಾರ ಆ ಭೇದವನ್ನು ಕಾನೂನಿನಲ್ಲಿ ತೆಗೆಯಿತು. ಮರುವರ್ಷ ಚಕ್ರವರ್ತಿಯೇ ದನದ ಮಾಂಸ ತಿಂದ ಸುದ್ದಿ ಬಂತು, ಮಾಂಸ ನಾಗರಿಕರ ಊಟವಾಯಿತು. ಮಾಂಸಕ್ಕೆ ಅಂಟಿದ್ದ ಮೈಲಿಗೆ ಹೋಯಿತು, ಜನಕ್ಕೆ ಅಂಟಿದ್ದು ಹೋಗಲಿಲ್ಲ. 1975ರಲ್ಲಿ ಒಂದು ಗುಟ್ಟು ಹೊರಬಿತ್ತು. ಆ ಜನರ ಕೇರಿಗಳು ಎಲ್ಲೆಲ್ಲಿವೆ ಅಂತ ಊರೂರಿನ ಹೆಸರು ಬರೆದ ಪಟ್ಟಿಯನ್ನು ಕಂಪನಿಗಳು ದುಡ್ಡು ಕೊಟ್ಟು ಕೊಳ್ಳುತ್ತಿದ್ದವು. ಕೆಲಸ ಕೇಳಿಕೊಂಡು ಬಂದವರ ವಿಳಾಸವನ್ನು ಆ ಪಟ್ಟಿಗೆ ತಾಳೆ ನೋಡಿ ಬೇಡ ಅನ್ನುವುದಕ್ಕೆ. ಹೊಳೆ ದಂಡೆಯ ಕೇರಿ ಅಂತ ಗೊತ್ತಾಗುವ ತನಕ ನನಗೂ ಟೀಚರು ನಮ್ಮೂರವರೇ ಆಗಿದ್ದರಲ್ಲ.

ನಿಶ್ಚಿತಾರ್ಥಕ್ಕೆ ಬಂದ ಮ್ಯಾನೇಜರ್ ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಸುಶಿ ವ್ಯವಸ್ಥೆ ಮಾಡಲಾಗಲಿಲ್ಲ ಅಂತ ಸೊಸೆ ಕೈಯಲ್ಲಿ ಹೇಳಿಸಿದೆ. ಅವರು ಕೈ ಆಡಿಸಿ ಬೆಣ್ಣೆ ದೋಸೆಗೆ ಇನ್ನೊಂದು ಚೂರು ಬೆಣ್ಣೆ ಹಾಕಿಸಿಕೊಂಡರು. ಮರುದಿನ ಅವರಿಗೆ ದೇವಸ್ಥಾನ ತೋರಿಸೋಣ ಅಂತ ಹರಿಹರಕ್ಕೆ ಕರೆದುಕೊಂಡು ಹೋದೆವು, 14 ಕಿಲೋಮೀಟರ್ ದಾರಿ. 1224ರ ಹೊತ್ತಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ಮೂರ್ತಿ ಅರ್ಧ ಹರಿ, ಅರ್ಧ ಹರ ಅಂತ ಅವಳು ವಿವರಿಸಿದಳು. ಅವರು ಸುಮ್ಮನೆ ತುಂಬ ಹೊತ್ತು ನೋಡಿದರು.

ಹೊರಗೆ ಬಂದು ಹೊಳೆ ಕಡೆ ನಡೆದೆವು. ಅಲ್ಲಿ ಒಬ್ಬ ಹೆಂಗಸು ಬುಟ್ಟಿ ಇಟ್ಟುಕೊಂಡು ಗೆಂಡೆ ಮೀನು ಮಾರುತ್ತಿದ್ದಳು. ಮನುಷ್ಯ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಅವರೂರು ಬಿವಾ ಎಂಬ ದೊಡ್ಡ ಸರೋವರದ ದಂಡೆಯಲ್ಲಂತೆ. ಅಲ್ಲಿಯೂ ಗೆಂಡೆಯ ಜಾತಿಯದೇ ಒಂದು ಮೀನಿದೆ. ಅದನ್ನು ತಿಂಗಳುಗಟ್ಟಲೆ ಉಪ್ಪಿನಲ್ಲಿಟ್ಟು, ಆಮೇಲೆ ಅನ್ನದ ಜೊತೆ ಒತ್ತಿ ವರ್ಷವೋ ಎರಡು ವರ್ಷವೋ ಹುಳಿ ಬರಿಸುತ್ತಾರೆ. ಫುನಾಜುಶಿ ಅಂತ ಹೆಸರು. ಸುಶಿಯ ಮೂಲ ಅದೇ ಬಗೆಯದು. ‘ಅಜ್ಜಿ ಪೀಪಾಯಿ ಬಾಯಿ ತೆಗೆದರೆ ಇಡೀ ಬೀದಿಗೆ ವಾಸನೆ. ನನ್ನ ಹೆಂಡತಿ ಟೋಕಿಯೋದವಳು, ಮನೆಯೊಳಗೆ ತರಲು ಬಿಡುವುದಿಲ್ಲ’ ಅಂತ ನಕ್ಕರು. ಸೊಸೆ ಕನ್ನಡದಲ್ಲಿ ಹೇಳಿದ್ದನ್ನು ಕೇಳಿ ಮೀನು ಮಾರುವವಳೂ ನಕ್ಕಳು.

ಎದ್ದು ನಿಂತು ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಈ ಹೊಳೆ ಮೀನನ್ನು ಚೆನ್ನಾಗಿ ಅಡುಗೆ ಮಾಡುವ ಜಾಗ ಈ ಊರಿನಲ್ಲಿ ಯಾವುದು?

ಹುಟ್ಟಿ ಬೆಳೆದ ಊರು. ಬೆಂಗಳೂರಿನ ಜಪಾನಿ ಹೋಟೆಲುಗಳ ಹೆಸರು ಬಾಯಲ್ಲಿತ್ತು, ಇದಕ್ಕೆ ಉತ್ತರವಿರಲಿಲ್ಲ. ನನಗೆ ಗೊತ್ತಿದ್ದದ್ದು ಒಂದೇ ಕೈ. ಆ ನಂಬರು ಫೋನಿನಲ್ಲಿ ‘ಮೇಲಿನ ಮನೆ ಟೀಚರ್’ ಅಂತ ಈಗಲೂ ಇದೆ. ತೆಗೆದು ನೋಡಿದೆ. ಏನಂತ ಫೋನು ಮಾಡಲಿ? ‘ಜಪಾನಿನವರು ಬಂದಿದಾರಮ್ಮ, ಮೀನು ಸಾರು ಮಾಡಿ ಬಡಿಸ್ತೀರಾ’ ಅಂತಲಾ? ಅದಕ್ಕಿಂತ ನಾಚಿಕೆಗೇಡು ಇನ್ನೊಂದಿರಲಿಲ್ಲ. ‘ಗೊತ್ತಿಲ್ಲ’ ಅಂತ ಹೇಳಿಸಿದೆ. ಅವರು ಹೆಂಗಸಿನ ಕಡೆ ತಲೆಬಾಗಿಸಿ ಕಾರು ಹತ್ತಿದರು.

ಬೋರ್ಡು ಆ ವಾರವೇ ಇಳಿಸಿದೆ. ಟೀಚರಿಗೆ ಇನ್ನೂ ಫೋನು ಮಾಡಿಲ್ಲ. ಮೊನ್ನೆ ಮೇಲಿನ ಮನೆ ನೋಡಲು ಗಂಡ-ಹೆಂಡತಿ ಬಂದಿದ್ದರು, ಒಂದು ಚಿಕ್ಕ ಮಗು. ನಲ್ಲಿ, ಬೋರು, ಪಾರ್ಕಿಂಗ್ ಎಲ್ಲ ತೋರಿಸಿದೆ. ಎಲ್ಲಾ ಮುಗಿದು ಅವರು ಮೆಟ್ಟಿಲು ಇಳಿಯುವಾಗ ನನ್ನ ಬಾಯಿ ತಾನಾಗಿ, ‘ನೀವು ಯಾವ ಕಡೆಯವರು?’ ಅಂದುಬಿಟ್ಟಿತು. ಆ ಹೆಣ್ಣುಮಗಳು ಒಂದು ಮೆಟ್ಟಿಲ ಮೇಲೆ ನಿಂತಳು, ಗಂಡನ ಮುಖ ನೋಡಿದಳು.